ಗಟ್ಟಿಯಾಗಿ ಹೇಳಿ ಬರೆಸಿದ ಉಯಿಲು

ಬಲಗೈಯ ಮೂರು ಬೆರಳು ಮರಗಟ್ಟಿದಾಗ ನಾನು ಮೊದಲು ಹೆದರಿದ್ದು ಹೊಟ್ಟೆಪಾಡಿಗೆ. ಬೈಂದೂರಿನಲ್ಲಿ ದಸ್ತಾವೇಜು ಬರೆಯುವ ಕೆಲಸ ನನ್ನದು. ಕ್ರಯಪತ್ರ, ವಿಭಾಗಪತ್ರ, ಉಯಿಲು ಇವನ್ನೆಲ್ಲ ಟೈಪು ಮಾಡಿಯೇ ಇಷ್ಟು ವರ್ಷ ಬದುಕಿದವಳು. ಕುಂದಾಪುರದ ಡಾಕ್ಟರು ಮಣಿಕಟ್ಟು ಒತ್ತಿ ನೋಡಿ, ಆರು ತಿಂಗಳು ಕೀಬೋರ್ಡ್ ಮುಟ್ಟಬೇಡಿ ಎಂದರು. ಹಾಗಾದರೆ ಊಟಕ್ಕೆ ನಿಮ್ಮ ಮನೆಗೆ ಬರಲೇ ಎಂದು ಕೇಳುವಷ್ಟು ಸಿಟ್ಟು ಬಂತು, ಕೇಳಲಿಲ್ಲ. ಬಾಯಲ್ಲಿ ಹೇಳಿದರೆ ಬರೆದುಕೊಳ್ಳುವ ಸಾಫ್ಟ್‌ವೇರ್ ಬಂದಿದೆಯಲ್ಲ, ನೋಡಿ ಎಂದು ಅವರೇ ಹೇಳಿದರು.

ಎರಡನ್ನು ಹಾಕಿ ನೋಡಿದೆ. ಒಂದು ಇಂಟರ್ನೆಟ್ ಮೂಲಕ ಕೆಲಸ ಮಾಡುವಂಥದ್ದು. ಪಿಸುಗುಟ್ಟಿದರೂ ಅದಕ್ಕೆ ತಿಳಿಯುತ್ತಿತ್ತು. ಜಾಗದ ನಾಲ್ಕು ಗಡಿಗಳನ್ನು ಗೊಣಗಿದರೂ ಸರಿಯಾಗಿಯೇ ಬರೆಯಿತು. ಆದರೆ ಅದರ ಷರತ್ತುಗಳನ್ನೂ ಓದಿ ನೋಡಿದೆ. ನನ್ನ ಧ್ವನಿ ಎಲ್ಲಿಗೋ ಹೋಗುತ್ತದೆ, ಅಲ್ಲೇ ಉಳಿಯಲೂಬಹುದು. ಷರತ್ತು ಓದುವುದೇ ನನ್ನ ಕಸುಬು; ಉಳಿದವರ ಹಾಗೆ ಕಣ್ಣು ಮುಚ್ಚಿ ಒಪ್ಪಿಗೆ ಒತ್ತಲು ಆಗುವುದಿಲ್ಲ. ಉಯಿಲು ಬರೆಸಲು ಬರುವವರು ಸ್ವಂತ ಮನೆಯವರಿಗೂ ಹೇಳದ್ದನ್ನು ನನ್ನ ಕಿವಿಯಲ್ಲಿ ಹೇಳುತ್ತಾರೆ. ಅದು ಇನ್ಯಾವ ದೇಶದ ಯಾರ ಕಿವಿಗೆ ಬೀಳುತ್ತದೋ ಎಂದು ಅದನ್ನು ತೆಗೆದುಹಾಕಿದೆ.

ಇನ್ನೊಂದು ಕಂಪ್ಯೂಟರಿನ ಒಳಗೇ ಇರುವಂಥದ್ದು. ಮಾತು ಹೊರಗೆ ಹೋಗುವುದಿಲ್ಲ. ಫೈಲು ತೆರೆ, ಮುದ್ರಿಸು ಎಂದರೆ ಅದನ್ನೂ ಮಾಡುತ್ತದೆ. ದೋಷ ಒಂದೇ: ಕಿವುಡರಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ, ಗಟ್ಟಿಯಾಗಿ ಹೇಳಬೇಕು. ಇದನ್ನೇ ಇಟ್ಟುಕೊಂಡೆ, ದೊಡ್ಡ ಬುದ್ಧಿವಂತಿಕೆ ಮಾಡಿದೆ ಎಂದೂ ಅಂದುಕೊಂಡೆ. ಒಂದು ವಾರ ಬರೀ ಕ್ರಯಪತ್ರಗಳು ಬಂದವು. ಅವುಗಳಲ್ಲಿ ಗುಟ್ಟಿರುವುದಿಲ್ಲ, ಕೊಡುವವರು, ಕೊಳ್ಳುವವರು ಇಬ್ಬರೂ ಎದುರಿಗೇ ಕುಳಿತಿರುತ್ತಾರೆ.

ಆಮೇಲೆ ಕಿರಿಮಂಜೇಶ್ವರದ ಕಡೆಯ ಒಬ್ಬ ಮುದುಕಿ ಉಯಿಲು ಬರೆಸಲು ಬಂದಳು. ಗಂಡ ತೀರಿಹೋಗಿದ್ದಾನೆ, ಮನೆ ಅವಳ ಹೆಸರಿನಲ್ಲಿದೆ. ಆಟೋದಲ್ಲಿ ಕರೆತಂದವನು ಮಗ. ಪಿಂಚಣಿಯ ಅರ್ಜಿ ಬರೆಸಲಿಕ್ಕಿದೆ ಎಂದು ಅವನಿಗೆ ಸುಳ್ಳು ಹೇಳಿದ್ದಳಂತೆ. ನನ್ನ ಕೋಣೆಗೂ ಹೊರಗಿನ ಬೆಂಚಿಗೂ ನಡುವೆ ಇರುವುದು ಒಂದು ಪ್ಲೈವುಡ್ ಹಲಗೆ. ಅವನು ಬೆಂಚಿನಲ್ಲಿ ಕುಳಿತ. ಮುದುಕಿ ಒಳಗೆ ಬಂದು ಮೇಜಿನ ಮೇಲೆ ಬಾಗಿ, ಉಸಿರು ಮಾತ್ರ ಕೇಳುವ ಹಾಗೆ ಹೇಳಿದಳು.

“ಮನಿ ಮಗ್ಳಿಗೇ ಆಯ್ಕ್. ಮಗಂಗೆ ಗೊತ್ತಾಪುಕಾಗ. ಗೊತ್ತಾರೆ ನನ್ನ ಅಲ್ಲ್ ಇಪ್ಪುಕೆ ಬಿಡ.”

ಮಗನಿಗೆ ತಿಳಿಯಬಾರದು ಎಂದದ್ದಕ್ಕೆ ನಾನು ತಲೆಯಾಡಿಸಿದೆ. ಮೊದಲಾದರೆ ಅಲ್ಲಿಂದ ಮುಂದೆ ಕೀಲಿಗಳ ಸದ್ದು ಬಿಟ್ಟರೆ ಬೇರೆ ಸದ್ದಿರುತ್ತಿರಲಿಲ್ಲ. ಈಗ ಮೈಕ್ ಹತ್ತಿರಕ್ಕೆ ಎಳೆದುಕೊಂಡು, ವಾರವಿಡೀ ಹೇಳಿದ ಅಭ್ಯಾಸದಂತೆ ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ. ನನ್ನ ವಾಸದ ಮನೆಯು ನನ್ನ ತರುವಾಯ ನನ್ನ ಮಗಳಿಗೆ ಸೇರತಕ್ಕದ್ದು. ನನ್ನ ಮಗನಿಗೆ ಇದರಲ್ಲಿ ಯಾವುದೇ ಹಕ್ಕು ಇರತಕ್ಕದ್ದಲ್ಲ. ಒಂದಕ್ಷರವೂ ತಪ್ಪದೆ ಪರದೆಯ ಮೇಲೆ ಬಂತು. ಖುಷಿಯಿಂದ ತಿರುಗಿದರೆ ಮುದುಕಿಯ ಮುಖ ಬಿಳಿಚಿಕೊಂಡಿತ್ತು. ಅವಳು ಹಲಗೆಯ ಕಡೆ ನೋಡುತ್ತಿದ್ದಳು. ಆಚೆ ಬೆಂಚು ಕಿರುಗುಟ್ಟಿತು.

ಯಾವುದೋ ದೇಶದ ಕಿವಿಗೆ ಹೆದರಿದವಳಿಗೆ ಮೂರು ಮೊಳದಾಚೆಯ ಕಿವಿ ನೆನಪಾಗಿರಲಿಲ್ಲ.

ಅವನು ಒಳಗೆ ಬಂದ. ಕೂಗಾಡಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ, ಜಗಳಕ್ಕೆ ನಾನು ಹಿಂದೆ ಬಿದ್ದವಳಲ್ಲ. ಅವನು ಕೂಗಾಡಲಿಲ್ಲ. ತಾಯಿಯ ಕುರ್ಚಿಯ ಬೆನ್ನಿಗೆ ಎರಡೂ ಕೈ ಇಟ್ಟು ನಿಂತು, ನಗುತ್ತಲೇ ನನಗೆ ಹೇಳಿದ.

“ಹ್ವಾಯ್, ಪಿಂಚಣಿ ಅರ್ಜಿ ಇನ್ನೊಂದ್ ಸಲ ಹೇಳಿ, ಕೇಂಬ.”

ಮುದುಕಿಯೇ ಮಾತಾಡಿದಳು. ಈಗ ಅದು ಪಿಸುಮಾತಲ್ಲ.

“ನಂಗ್ ಸಮಾ ಹೇಳುಕೆ ಬರ್ಲಿಲ್ಲೆ ಅಮ್ಮ. ಮನಿ ಮಗಂಗೇ ಅಂದ್ ಬರೀರಿ.”

ಕಂಪ್ಯೂಟರ್ ಕೆಟ್ಟಿತು, ನಾಳೆ ಬನ್ನಿ ಎನ್ನಬಹುದಿತ್ತು. ಸಾಕ್ಷಿಗಳು ಸಿಗಲಿಲ್ಲ ಎನ್ನಬಹುದಿತ್ತು. ಇಷ್ಟು ವರ್ಷ ಎಷ್ಟೋ ಜನರನ್ನು ಇಂಥ ನೆಪ ಹೇಳಿ ವಾಪಸು ಕಳಿಸಿದವಳಿಗೆ ಆ ಹೊತ್ತಿಗೆ ಒಂದೂ ಬಾಯಿಗೆ ಬರಲಿಲ್ಲ. ಅವನ ಕೈಗಳನ್ನೇ ನೋಡುತ್ತಾ, ಮಗಳು ಎಂದಿದ್ದಲ್ಲಿ ಮಗ, ಮಗ ಎಂದಿದ್ದಲ್ಲಿ ಮಗಳು ಎಂದು ಹೇಳಿ ಬರೆಸಿದೆ. ಮುದ್ರಿಸು ಎಂದೆ. ಮುದ್ರಿಸಿತು. ಮುದುಕಿ ಹೆಬ್ಬೆಟ್ಟು ಒತ್ತಿದಳು, ಪಕ್ಕದ ಅಂಗಡಿಯ ಇಬ್ಬರು ಬಂದು ಸಾಕ್ಷಿ ಹಾಕಿದರು. ಮಗ ಕಾಗದವನ್ನು ಮಡಚಿ ತನ್ನ ಕಿಸೆಗೆ ಹಾಕಿಕೊಂಡು, ಅವಳ ರಟ್ಟೆ ಹಿಡಿದು ಮೆಟ್ಟಿಲು ಇಳಿಸಿದ.

ಬದುಕಿರುವ ತನಕ ಉಯಿಲನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು. ಕಾನೂನು ಹಾಗೆ ಹೇಳುತ್ತದೆ, ನಾನೂ ನೂರಾರು ಜನರಿಗೆ ಹಾಗೆಯೇ ಹೇಳಿದ್ದೇನೆ. ಆದರೆ ಅವಳನ್ನು ಬೈಂದೂರಿಗೆ ಕರೆತರುವವನು ಅವನೊಬ್ಬನೇ.