ಎಂಟು ಕುಣಿಕೆಯ ತಲೆಪಟ್ಟಿ

ತಲೆಪಟ್ಟಿ ಎಂದರೆ ಈ ತುದಿಯಿಂದ ಆ ತುದಿಯವರೆಗೆ ಒಂದೇ ಅಗಲ ಇರಬೇಕು. ಅಷ್ಟು ನನಗೂ ಗೊತ್ತು. ನಾನು ಹೆಣೆದದ್ದು ಶುರುವಿಗೆ ಎರಡು ಬೆರಳು ಅಗಲವಿತ್ತು; ಗೇಣುದ್ದ ಆಗುವ ಮೊದಲೇ ಸೊರಗಿ ಇಲಿಯ ಬಾಲವಾಯಿತು. ಮೂರು ಸಲ ಬಿಚ್ಚಿದೆ, ಮೂರು ಸಲ ಹೆಣೆದೆ. ಮೂರು ಸಲವೂ ಇಲಿಯ ಬಾಲವೇ. ಪಕ್ಕದ ಮಳಖೇಡದಲ್ಲಿ ಹಿಂದೆ ಅರಸರು ಹಣೆಗೆ ಪಟ್ಟ ಕಟ್ಟಿಸಿಕೊಳ್ಳುತ್ತಿದ್ದರಂತೆ. ಆ ಪಟ್ಟವನ್ನು ಪತ್ರಿಕೆಯವನ ಕೈಯಲ್ಲಿ ಮಾಡಿಸದಷ್ಟು ಬುದ್ಧಿ ಅವರಿಗಿತ್ತು.

ಗಂಡಸಾದ ನನಗೆ ಈ ಉಸಾಬರಿ ಏಕೆ ಎಂದು ನೀವು ಕೇಳುವುದು ಸರಿ. ವಾಡಿಯಲ್ಲಿ ಕುಳಿತು ಒಂದು ವಾರಪತ್ರಿಕೆಗೆ ಸುದ್ದಿ ಕಳಿಸುವುದು, ಸುತ್ತಲಿನ ಊರುಗಳಿಂದ ಬರುವ ಬರಹ ತಿದ್ದುವುದು ನನ್ನ ಕೆಲಸ. ಶಹಾಬಾದಿನ ನೀಲಮ್ಮ ಎಂಬ ವಿಧವೆ, ಹೊಸಬರಿಗಾಗಿ ಕ್ರೋಶಾದ ಹಗುರ ತಲೆಪಟ್ಟಿ ಹೆಣೆಯುವ ಬಗೆಯನ್ನು ಬರೆದು ಕಳಿಸಿದ್ದರು. ಜೊತೆಗೆ ಒಂದು ಕೊಕ್ಕೆಸೂಜಿ, ಒಂದು ಉಂಡೆ ದಾರ, ಒಂದು ಚೀಟಿ. ಅವರು ಅಣ್ಣನ ಮನೆಯಲ್ಲಿರುವವರು. ಓಣಿಯ ಹುಡುಗಿಯರಿಗೆ ಕ್ರೋಶಾ ಕಲಿಸಲು ಪಡಸಾಲೆ ಕೇಳಿದ್ದರಂತೆ. ‘ಪೇಪರಿನಾಗ ನಿನ್ನ ಹೆಸರು ಬಂದ್ರ ಪಡಸಾಲಿ ನಿಂದು, ಇಲ್ಲಾಂದ್ರ ಸೂಜಿ ಕೆಳಗಿಡು’ ಎಂದಿದ್ದನಂತೆ ಅಣ್ಣ.

ಪರೀಕ್ಷಿಸದೆ ಏನನ್ನೂ ಅಚ್ಚಿಗೆ ಕಳಿಸಬಾರದೆಂಬುದು ನನ್ನ ನಿಯಮ. ಬರಹ ತಿದ್ದಿ ಶುದ್ಧಪ್ರತಿ ಮಾಡಿಟ್ಟು, ವಾರದ ನಂತರ ಅದನ್ನು ಮುಂದಿಟ್ಟುಕೊಂಡು ಸೂಜಿ ಹಿಡಿದೆ. ದಾರ ಬೆರಳಿಗೆ ಬಿಗಿಯಿತು, ಸೂಜಿ ಅಂಗಿಯ ತೋಳಿಗೆ ಸಿಕ್ಕಿತು. ಕೌದಿ ಹೊಲಿಯುತ್ತಿದ್ದ ಹೆಂಡತಿ ಕೇಳಿದಳು:

“ತಹಶೀಲ್ದಾರರ ಭಾಷಣಾನೂ ಹಿಂಗ ಬಿಚ್ಚಿ ಬಿಚ್ಚಿ ನೋಡ್ತೀರೇನ್ರಿ?”

ನನ್ನ ಸಿಟ್ಟೆಲ್ಲ ನೀಲಮ್ಮನ ಮೇಲಿತ್ತು. ಮಾಡಲು ಬಾರದ್ದನ್ನು ಬರೆಯುವುದೇಕೆ?

ಮುಂದಿನ ವಾರ ಶಹಾಬಾದಿಗೆ ಹೋಗುವ ಕೆಲಸ ಬಿತ್ತು. ಇಲಿಯ ಬಾಲವನ್ನೂ ಶುದ್ಧಪ್ರತಿಯನ್ನೂ ಒಯ್ದು ಅವರ ಪಡಸಾಲೆಯಲ್ಲಿ ಹರಡಿದೆ. “ನಿಮ್ಮ ಬರಹ ಪರೀಕ್ಷೆಗೆ ನಿಲ್ಲಲಿಲ್ಲ. ಅಚ್ಚು ಮಾಡಲು ಬರುವುದಿಲ್ಲ,” ಎಂದೆ.

“ನಾ ಹೇಳಿದ್ದಿಲ್ಲೇನು?” ಅಣ್ಣ ಚಾಪೆಯ ಮೇಲಿದ್ದ ದಾರದ ಉಂಡೆಯನ್ನು ಕಾಲಿಂದ ಸರಿಸಿದ. “ರೊಟ್ಟಿ ಬಡಿ ಹೋಗು.”

ನೀಲಮ್ಮ ಹೋಗಲಿಲ್ಲ. ಪಟ್ಟಿಯ ಅಂಚನ್ನು ಬೆರಳಿಂದ ಸವರಿ ನೋಡಿ, ಶುದ್ಧಪ್ರತಿಯನ್ನು ಎರಡು ಸಲ ಓದಿದರು.

“ಸಾಹೇಬ್ರ, ನಾ ಬರದದ್ದು ಎಲ್ಲಿ ಹೋತ್ರಿ?”

ಚೀಲದಲ್ಲಿ ಮೂಲಪ್ರತಿ ಇತ್ತು. ತೆಗೆದೆ. ‘ಸಾಲು ಮುಗಿದ ಮೇಲೆ ಒಂದು ಕುಣಿಕೆ ಸಡಿಲಾಗಿ ಹಾಕಿ ತಿರುಗಿಸಿರಿ. ಎಂಟು ಇವೆಯೇ ಎಣಿಸಿರಿ.’ ಹತ್ತು ಸಾಲಿನ ವಿವರ, ಹತ್ತು ಸಲ ಇದೇ ಮಾತು. ಹತ್ತರ ಮೇಲೂ ನನ್ನ ಕೆಂಪು ಗೀಟು. ಯುದ್ಧದ ಕಾಲ, ಕಾಗದದ ಅಭಾವ; ಹೇಳಿದ್ದನ್ನೇ ಹೇಳುವವರನ್ನು ಕಂಡರೆ ನನ್ನ ಕೈ ತಾನಾಗಿ ಕೆಂಪು ಶಾಯಿಗೆ ಹೋಗುತ್ತದೆ. ಎಲ್ಲ ಹೊಡೆದು, ‘ಹೀಗೆ ಸಾಲುಸಾಲಾಗಿ ಹೆಣೆಯಿರಿ’ ಎಂದು ಒಂದೇ ಅಚ್ಚುಕಟ್ಟಾದ ವಾಕ್ಯ ಬರೆದಿದ್ದೆ. ಆ ಅಚ್ಚುಕಟ್ಟು ಸಾಲಿಗೊಂದು ಕುಣಿಕೆ ತಿಂದಿತ್ತು.

“ತಪ್ಪು ನನ್ನದು,” ಎಂದೆ. ಈ ವಾಕ್ಯವನ್ನು ಚಿಕ್ಕದು ಮಾಡಲು ಬರುವುದಿಲ್ಲ, ಪ್ರಯತ್ನಿಸಿದ್ದೇನೆ.

ಅಣ್ಣನಿಗೆ ನಂಬಿಕೆ ಬರಲಿಲ್ಲ. “ಹಂಗಾರ ಇಲ್ಲೇ ಮಾಡಿ ತೋರಸ್ರಿ.”

ಅವನ ಎದುರಿಗೇ ಕುಳಿತು ಹೆಣೆದೆ. ನೀಲಮ್ಮ ಸಾಲುಸಾಲಿಗೆ ತಮ್ಮ ಮಾತನ್ನು ಓದಿದರು. ಒಂದು ಸಲವೂ ದನಿ ಏರಿಸಲಿಲ್ಲ. ನಾನು ಮಾತ್ರ ಆರನೇ ಸಲಕ್ಕೆ “ಗೊತ್ತಾಯಿತಮ್ಮಾ” ಎಂದು ರೇಗಿ, ಆ ಸಾಲಿನಲ್ಲೇ ಕುಣಿಕೆ ಮರೆತೆ. ಅವರು ಬಿಚ್ಚಿಸಿದರು. ಹತ್ತು ಸಾಲು ಮುಗಿದಾಗ ಅಣ್ಣ ಬೆರಳಿಟ್ಟು ಅಳೆದ. ಆ ತುದಿಗೂ ಎರಡು ಬೆರಳು, ಈ ತುದಿಗೂ ಎರಡು ಬೆರಳು.

“ಪೇಪರಿನಾಗ ಬರ್ಲಿ ಮೊದಲ,” ಎಂದ. ಒಪ್ಪಿಗೆಯ ಮಾತನ್ನೂ ಬೈದಂತೆ ಆಡುವವನು.

ಬಂತು. ಹತ್ತು ಸಲವೂ ಬಂತು. ಜಾಗಕ್ಕಾಗಿ ತಹಶೀಲ್ದಾರರ ಭಾಷಣದ ವರದಿಯನ್ನು ನಾಲ್ಕು ಸಾಲಿಗೆ ಇಳಿಸಿದೆ. ಯಾವ ಓದುಗನೂ ದೂರಲಿಲ್ಲ, ತಹಶೀಲ್ದಾರರು ದೂರಿದರು.

ತಿಂಗಳಾದ ಮೇಲೆ ಆ ಮನೆಗೆ ಹೋದಾಗ ಅಣ್ಣ ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ. “ನನ್ನ ಮನ್ಯಾಗ ನನಗ ಕುಂದರಾಕ ಜಾಗಾ ಇಲ್ರಿ,” ಎಂದ. ಒಳಗೆ ಏಳೆಂಟು ಹುಡುಗಿಯರು. ನೀಲಮ್ಮ ಒಬ್ಬೊಬ್ಬಳ ಬಳಿ ಬಾಗಿ ಅದೇ ಕುಣಿಕೆ, ಅದೇ ಎಣಿಕೆ ಹೇಳುತ್ತಿದ್ದರು. ಕೇಳಿಯೇ ನನಗೆ ದಣಿವಾಯಿತು.

“ಎಷ್ಟು ದಿನ ಹೇಳುತ್ತೀರಿ ಇದನ್ನೇ?” ಎಂದೆ.

“ಕೈ ಕಲಿಯೂತನಕಾ ಹೇಳೂದ್ರಿ. ಆಮ್ಯಾಲ ಅವರ ನನಗ ‘ಸಾಕು ಸುಮ್ಕಿರ್ರಿ ಅಕ್ಕಾ’ ಅಂತಾರ.”

ಮೂಲೆಯ ಹುಡುಗಿಯೊಬ್ಬಳು ತಲೆ ಎತ್ತದೆಯೇ ಆಗಲೇ ಹಾಗೆ ಅಂದಳು. ನೀಲಮ್ಮನ ಮುಖದಲ್ಲಿ ಅಂದಿನಷ್ಟು ಹಿಗ್ಗನ್ನು, ಪತ್ರಿಕೆಯಲ್ಲಿ ಹೆಸರು ಬಂದ ದಿನವೂ, ಕಟ್ಟೆಯಿಂದ ಇಣುಕಿದ ಅವರಣ್ಣ ಕಂಡಿರಲಿಲ್ಲವಂತೆ.