ಮಂಡಿಗೆ ಎರಡು ಹನಿ

ಬುನ್‌ಲೋಮ್ ಅಜ್ಜಿಗೆ ಸ್ಟೂಲ್ ಎಂದರೆ ಅವಮಾನ. ಬೆಳಗ್ಗೆ ಭಿಕ್ಷುಗಳು ಬಂದಾಗ ನೋನ್‌ಫಾಯ್ ಊರಿನ ಹೆಂಗಸರೆಲ್ಲ ಚಾಪೆಯ ಮೇಲೆ ಮಂಡಿಯೂರಿ ಅವರ ಪಾತ್ರೆಗೆ ಅಂಟಕ್ಕಿ ಅನ್ನ ಹಾಕುತ್ತಿದ್ದರು. ಮಂಡಿ ಮಡಚಲಾಗದ ಅಜ್ಜಿ ಕೋಲೂರಿ ನಿಂತೇ ಹಾಕುತ್ತಿದ್ದಳು. ಸೊಸೆ ವಿಲೈ ಸ್ಟೂಲ್ ತಂದಿಟ್ಟರೆ ಅದೇ ಕೋಲಿನಿಂದ ಆಚೆ ನೂಕುತ್ತಿದ್ದಳು.

ಹಠಮಾರಿ ಎಂದು ಬೈಯುವ ಮುಂಚೆ ಆ ಮಂಡಿಗಳ ಕಥೆ ಕೇಳಿ. ಹದಿಮೂರಕ್ಕೆ ಮಗ್ಗಕ್ಕೆ ಕೂತವಳು ಐವತ್ತಾರು ವರ್ಷ ಅದನ್ನು ತುಳಿದಿದ್ದಳು. ಗಂಡ ತೀರಿಕೊಂಡ ಮೇಲೆ ಗದ್ದೆ ನೆಟ್ಟದ್ದೂ, ನಾಲ್ಕು ಮಕ್ಕಳನ್ನು ಸಾಕಿದ್ದೂ ಆ ಮಂಡಿಗಳನ್ನು ನಂಬಿಯೇ. ಭಿಕ್ಷುಗಳ ಮಳೆಗಾಲದ ವ್ರತ ಮುಗಿದ ಮೇಲೆ ಆ ಊರಿನಲ್ಲಿ ಅವರು ಹೊದೆಯುವ ಬಟ್ಟೆಯನ್ನು, ಅಂದರೆ ಚೀವರವನ್ನು, ಒಂದೇ ದಿನದಲ್ಲಿ ಮಾಡುತ್ತಾರೆ. ಹತ್ತಿಯ ಬೀಜ ಬಿಡಿಸಿ, ನೂತು, ನೇಯ್ದು, ಹೊಲಿದು, ಹಲಸಿನ ಚೆಕ್ಕೆಯಲ್ಲಿ ಬಣ್ಣ ಕಟ್ಟಿ, ಮರುದಿನ ಸೂರ್ಯ ಹುಟ್ಟುವ ಮೊದಲೇ ಹಿರಿಯ ಭಿಕ್ಷುವಿಗೆ ಒಪ್ಪಿಸಬೇಕು. ಆ ಬಟ್ಟೆಯ ಮೊದಲ ಮೊಳ ಮೂವತ್ತೆರಡು ವರ್ಷದಿಂದ ಬುನ್‌ಲೋಮಳದು. ಹೋದ ವರ್ಷ ಅರ್ಧ ಮೊಳಕ್ಕೇ ಮಂಡಿ ಕೈಕೊಟ್ಟು, ಇಬ್ಬರು ಹಿಡಿದು ಇಳಿಸಬೇಕಾಯಿತು. ಈ ವರ್ಷ ಅವಳಿಗೆ ಬೀಜ ಬಿಡಿಸುವ ಕೆಲಸ ಎಂದು ಹೆಂಗಸರು ತಾವೇ ತೀರ್ಮಾನಿಸಿಬಿಟ್ಟಿದ್ದರು.

“ಬೀಜ ಬಿಡಿಸೋಕೆ ನಾನೇನು ಹಲ್ಲುದುರಿದ ಮುದುಕೀನಾ?” ಎಂದಳು. ಬಾಯಲ್ಲಿದ್ದದ್ದು ಆರೇ ಹಲ್ಲು.

ಮಂಡಿಯ ಸವಕಲಿಗೆ ನುಂಗಿದ ಮಾತ್ರೆಗಳು ಹೊಟ್ಟೆಯನ್ನು ಸುಟ್ಟಿದ್ದವು. ಆಪರೇಷನ್ ಎಂದರೆ ಅವಳು ಎದ್ದೇ ಹೋಗುತ್ತಿದ್ದಳು. ಕೊನೆಗೆ ವಿಲೈ ಅವಳನ್ನು ಆಸ್ಪತ್ರೆಯ ಗಾಂಜಾ ಚಿಕಿತ್ಸೆಯ ವಿಭಾಗಕ್ಕೆ ಕರೆದೊಯ್ದಳು. ಡಾಕ್ಟರ್ ಪನಿದಾ ಪುಟ್ಟ ಎಣ್ಣೆ ಸೀಸೆ ಮುಂದಿಟ್ಟಾಗ ಅಜ್ಜಿ ನಕ್ಕುಬಿಟ್ಟಳು.

“ನಮ್ಮಪ್ಪ ಇದರ ಸೊಪ್ಪನ್ನ ಕೋಳಿ ಸಾರಿಗೆ ಹಾಕ್ತಿದ್ದ ಕಣಮ್ಮ. ಪೊಲೀಸ್ರು ಬರ್ತಾರೆ ಅಂತ ಹೆದರಿ ಬೇರು ಸಮೇತ ಕಿತ್ತೆಸೆದ. ಈಗ ಸರ್ಕಾರದೋರೇ ಸೀಸೇಲಿ ಕೊಡ್ತೀರಾ?”

“ಕೊಡ್ತೀವಿ. ಆದ್ರೆ ನೋವು ತಗ್ಗಬಹುದು ಅಷ್ಟೆ ಅಜ್ಜಿ, ಮಂಡಿ ಹೊಸದಾಗಲ್ಲ. ಮಲಗೋ ಮುಂಚೆ ನಾಲಿಗೆ ಅಡಿಗೆ ಎರಡೇ ಹನಿ. ಕಾಲಿಗೆ ಮರಳು ಚೀಲ ಕಟ್ಟಿ ದಿನಾ ಎತ್ತಿ ಇಳಿಸಿ.”

ಮನೆಗೆ ಬಂದ ಅಜ್ಜಿ ತನ್ನದೇ ಲೆಕ್ಕ ಹಾಕಿದಳು. ಎರಡು ಹನಿ ಸರಿ, ಆದರೆ ನೋಯುವ ಮಂಡಿಯೂ ಎರಡಲ್ಲವೇ? ಮಂಡಿಗೆ ಎರಡರಂತೆ ನಾಲ್ಕು. ಚೀವರದ ಹಬ್ಬಕ್ಕೆ ಎರಡೇ ತಿಂಗಳು ಉಳಿಯಿತೆಂದು ಮಂಡಿಗೆ ಇನ್ನೊಂದೊಂದು, ಒಟ್ಟು ಆರು.

ಮರುದಿನ ಭಿಕ್ಷುಗಳು ಬಂದು ಹೋದರೂ ಅವಳು ಏಳಲಿಲ್ಲ. ಮಧ್ಯಾಹ್ನಕ್ಕೆ ಪಕ್ಕದ ಮನೆಯವಳು ಬಂದು ಅಳಲು ಶುರುಮಾಡಿದಾಗ ಅಜ್ಜಿ ಕಣ್ಣು ಬಿಟ್ಟಳು. ಮಾಡು ಗಿರಗಿರ ತಿರುಗುತ್ತಿತ್ತು. “ಯಾರು ಹೋಗಿದ್ದು?” ಎಂದು ಕೇಳಿದಳು.

ವಿಷಯ ಕೇಳಿದ ಡಾಕ್ಟರ್ ಮೊದಲು ಗದರಿದರು, ಆಮೇಲೆ ಅವರಿಗೆ ನಗು ತಡೆಯಲಾಗಲಿಲ್ಲ. “ಮಂಡಿ ಎರಡಿರಬಹುದು ಅಜ್ಜಿ, ನಾಲಿಗೆ ಒಂದೇ ಅಲ್ವಾ?”

ಬುನ್‌ಲೋಮ್ ಸೀಸೆಯನ್ನು ಸೊಸೆಯ ಕೈಗೆ ಕೊಟ್ಟುಬಿಟ್ಟಳು. ಅವಳು ಸೋಲೊಪ್ಪಿದ್ದು ಜನ್ಮದಲ್ಲೇ ಅದು ಮೊದಲು.

ಅಂದಿನಿಂದ ಎರಡೇ ಹನಿ. ಮರಳು ಚೀಲವನ್ನೂ ಬೈದುಕೊಂಡೇ ಎತ್ತಿದಳು. ಎರಡು ತಿಂಗಳಾದರೂ ನೋವು ಪೂರ್ತಿ ಹೋಗಲಿಲ್ಲ. ಕಚ್ಚುತ್ತಿದ್ದ ನಾಯಿ ಈಗ ಬರೀ ಬೊಗಳುತ್ತಿತ್ತು, ಅಷ್ಟೆ.

ಚೀವರದ ದಿನ ಮೊದಲ ನೂಲು ಸಿದ್ಧವಾದ ಕೂಡಲೇ ಅವಳು ಯಾರನ್ನೂ ಕೇಳದೆ ಮಗ್ಗ ಹತ್ತಿ ಕೂತಳು. ಬೀಜ ಬಿಡಿಸುತ್ತಿದ್ದವರ ಕೈ ನಿಂತಿತು. ಅರ್ಧ ಮೊಳವಾಯಿತು. ವಿಲೈ ಎದ್ದು ಮಗ್ಗದ ಪಕ್ಕ ಬಂದು ನಿಂತಳು. ಲಾಳಿ ನಿಲ್ಲಲಿಲ್ಲ. ಒಂದು ಮೊಳ ತುಂಬಿದಾಗ ಅಜ್ಜಿಯ ಹಣೆಯಲ್ಲಿ ಬೆವರು ಹರಿಯುತ್ತಿತ್ತು. ಯಾರ ಕೈಯನ್ನೂ ಹಿಡಿಯದೆ ಕೆಳಗಿಳಿದು ಲಾಳಿಯನ್ನು ಸೊಸೆಗೆ ಕೊಟ್ಟಳು.

“ಕೂತ್ಕೊ. ನನ್ನ ಮೊಳಕ್ಕಿಂತ ಸಡಿಲ ನೇಯ್ದೆ ಅಂದ್ರೆ ನೋಡು ಮತ್ತೆ!”

ಮರುದಿನ ಬೆಳಗ್ಗೆ ಅಜ್ಜಿ ತಾನೇ ಸ್ಟೂಲ್ ತಂದು ಸಾಲಿನ ಮೊದಲಲ್ಲಿ ಹಾಕಿಕೊಂಡು ಕೂತಳು. ತನ್ನ ಮೊಳ ನೇಯ್ದಾಗಿತ್ತು, ಈಗ ಅವಳಿಗೆ ಯಾವ ನಾಚಿಕೆಯೂ ಇರಲಿಲ್ಲ. ಹಿರಿಯ ಭಿಕ್ಷು ಹೊಸ ಚೀವರ ಹೊದ್ದು ಬಂದು, ಅನ್ನ ಹಾಕಿಸಿಕೊಂಡು, ಸರಸರನೆ ಮುಂದೆ ನಡೆದರು. ಅಜ್ಜಿ ಆ ಚೀವರದತ್ತ ಕೈತೋರಿ ಸೊಸೆಯ ಪಕ್ಕೆ ತಿವಿದಳು.

“ಅಲ್ನೋಡೇ ವಿಲೈ, ನನ್ನ ಮಂಡಿ ಹೋಗ್ತಿದೆ. ಒಂಚೂರಾದ್ರೂ ಕುಂಟ್ತಿದೆಯಾ?”