ಹೊರಟವರನ್ನು ಎಲ್ಲಿಗೆ ಎಂದು ಕೇಳಿ

ಆ ಭಾನುವಾರ ನಮ್ಮ ಮನೆ ಮುಂದೆ ದೋಣಿಗೆ ಗಾಳಿ ಹೊಡೆಯುವ ಕಾರ್ಯಕ್ರಮ. ಹೌದು, ಅರಸೀಕೆರೆಯಲ್ಲೇ. ನಮ್ಮ ಮನೆಯವರು ಆನ್‌ಲೈನ್‌ನಲ್ಲಿ ತರಿಸಿದ ರಬ್ಬರಿನ ಕಯಾಕ್. ಇಬ್ಬರು ಹಿಂದೆ ಮುಂದೆ ಕೂತು ಹುಟ್ಟು ಹಾಕುವಂಥದ್ದು. ಕಾಲಲ್ಲಿ ಪಂಪು ಒತ್ತಿ ಒತ್ತಿ ಇವರ ಅಂಗಿ ಬೆನ್ನಿಗೆ ಅಂಟಿತ್ತು.

ಎದುರು ಮನೆಯ ರಂಗಣ್ಣ ಗೇಟು ಹಿಡಿದು ನಿಂತು ನೋಡಿದರು. "ಏನ್ಲಾ, ನಲ್ಲೀಲಿ ನೀರು ಬಂದು ವಾರ ಆಯ್ತು. ಇದ್ನ ಎಲ್ಲಿ ಬಿಡ್ತೀಯ, ಸಂಪ್‌ನಾಗಾ?"

"ನಿಮ್ಮ ಸಂಪ್ ಸಾಲಲ್ಲ ಕಣ್ಲಾ, ಎರಡು ಸೀಟೈತೆ," ಅಂದರು ಇವರು.

ಪ್ಲ್ಯಾನ್ ಇದ್ದದ್ದು ಯಗಚಿ ನದಿಗೆ. ಬೇಲೂರಿನ ಕೆಳಗೆ ಒಂದು ಸೇತುವೆ ಹತ್ತಿರ ಇಳಿಯುವುದು, ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಸೇತುವೆ ಹತ್ತಿರ ದಡ ಹತ್ತುವುದು. ಗೈಡ್ ಇಲ್ಲ, ಗುಂಪಿಲ್ಲ. ನಾವಿಬ್ಬರೇ. ಇಬ್ಬರಿಗೂ ಈಜು ಬರುತ್ತದೆ (ತೋಟದ ಬಾವಿಯಲ್ಲಿ, ಒಣಗಿದ ತೆಂಗಿನಕಾಯಿ ಸೊಂಟಕ್ಕೆ ಕಟ್ಟಿಕೊಂಡು ಕಲಿತ ಈಜು). ಲೈಫ್ ಜಾಕೆಟ್ ಕೈಯಲ್ಲಿ ತೂಗಿ ನೋಡಿ, "ಕಾಯಿಗಿಂತ ಹಗುರ" ಅಂತ ಇವರು ಸರ್ಟಿಫಿಕೇಟ್ ಕೊಟ್ಟರು. ಸಂಜೆ ಗಾಳಿ ಬಿಟ್ಟು ದೋಣಿ ಮಡಿಸಿಟ್ಟೆವು. ಅಷ್ಟೇ ಆ ದಿನ.

ಮಾರನೆಯ ಬೆಳಿಗ್ಗೆ ಇವರು ಸ್ಕೂಟರ್ ತೆಗೆದರು. "ಬತ್ತೀನಿ," ಅಂದರು.

"ದೂರಾನಾ?" ಅಂದೆ.

"ಇಲ್ಲೇ."

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಟವರನ್ನು ಎಲ್ಲಿಗೆ ಅಂತ ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಡುತ್ತದೆ. ಬಾಯಿ ತಪ್ಪಿ ಯಾರಾದರೂ ಕೇಳಿದರೆ, ಹೊರಟವರು ವಾಪಸ್ ಬಂದು ಕೂತು, ಒಂದು ಲೋಟ ನೀರು ಕುಡಿದು ಮತ್ತೆ ಹೊರಡುತ್ತಾರೆ. ಅದಕ್ಕೇ "ದೂರಾನಾ" ಅನ್ನುತ್ತೇವೆ. ಉತ್ತರ ಯಾವಾಗಲೂ "ಇಲ್ಲೇ." ಬಾಣಾವರವೂ ಇಲ್ಲೇ, ಬೆಂಗಳೂರೂ ಇಲ್ಲೇ.

ಇವರದು ಬೋರ್‌ವೆಲ್ ಮೋಟರ್ ರಿಪೇರಿ ಕೆಲಸ. ಒಂದು ದಿನ ಗಂಡಸಿ, ಒಂದು ದಿನ ಬಾಣಾವರ. ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಫೋನ್ ಮಾಡಿದರೆ ಸ್ವಿಚ್ ಆಫ್. ರಂಗಣ್ಣ ಬೈಕ್ ತೆಗೆದು, "ಎಲ್ಲಿಗೆ ಹೋದ ಅಂತ ಹೇಳಮ್ಮ, ನೋಡ್ಕಂಡು ಬತ್ತೀನಿ," ಅಂದರು. ಏನು ಹೇಳಲಿ? ಅವರು ಗಂಡಸಿ ಕಡೆ ಹೋದರು. ಬೀದಿಯ ಇನ್ನೊಬ್ಬರು ಬಾಣಾವರದ ಕಡೆ.

ಇವರು ಸಿಕ್ಕಿದ್ದು ಜಾವಗಲ್ ರಸ್ತೆಯಲ್ಲಿ. ಸ್ಕೂಟರ್ ನೀಟಾಗಿ ಸ್ಟ್ಯಾಂಡ್ ಹಾಕಿ, ಹುಣಸೆ ಮರಕ್ಕೆ ಒರಗಿ ಕೂತಿದ್ದರು. ಹೃದಯ ನಿಂತು ಬಹಳ ಹೊತ್ತಾಗಿದೆ ಅಂದರು ಡಾಕ್ಟರು. ಬೇಗ ಸಿಕ್ಕಿದ್ದರೆ? ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಟೂಲ್ ಬ್ಯಾಗ್ ಮನೆಯಲ್ಲೇ ಇತ್ತು. ಆ ರಸ್ತೆ ಬೇಲೂರಿಗೂ ಹೋಗುತ್ತದೆ, ಮಧ್ಯೆ ಎಷ್ಟೋ ಊರಿಗೂ ಹೋಗುತ್ತದೆ.

ಈಗ ಮನೆಯಲ್ಲಿ ಕೂರಲಾಗುತ್ತಿಲ್ಲ. ಕೂತರೆ ಏಳಬೇಕು, ಎದ್ದರೆ ಎಲ್ಲಿಗೋ ಹೋಗಬೇಕು. ಭಾನುವಾರ ಬಂದರೆ ಬೇಲೂರಿನ ಬಸ್ಸು ಹತ್ತುತ್ತೇನೆ. ಯಗಚಿಯ ದಡದಲ್ಲಿ ನಡೆಯುತ್ತೇನೆ. ಎಲ್ಲಿ ಬಂಡೆ, ಎಲ್ಲಿ ನೀರಿಗೆ ಅಡ್ಡ ಕಟ್ಟಿದ್ದಾರೆ, ಎಲ್ಲಿ ದೋಣಿ ಎತ್ತಿಕೊಂಡು ದಾಟಬೇಕು ಅಂತ ದನ ಮೇಯಿಸುವವರನ್ನು ವಿಚಾರಿಸುತ್ತೇನೆ. ಡ್ಯಾಮಿನಿಂದ ಯಾವಾಗ ನೀರು ಬಿಡುತ್ತಾರೆ ಅಂತ ಫೋನ್ ಮಾಡಿ ಮಾಡಿ ಆಫೀಸಿನವರಿಗೆ ನನ್ನ ದನಿ ಪರಿಚಯವಾಗಿದೆ. ಮಳೆ ನಿಂತಿದೆ. ಹೊಳೆ ಇಳಿಯುವ ಮೊದಲು ಹೋಗಬೇಕು. ಹೋಗಿ ಏನಾಗಬೇಕು? ಗೊತ್ತಿಲ್ಲ. ಇಬ್ಬರೂ ಸೇರಿ ಹಾಕಿದ ಪ್ಲ್ಯಾನ್ ಇದೊಂದೇ ಉಳಿದಿದೆ.

ಗೈಡ್ ಇಲ್ಲದೆ ನದಿಗೆ ಇಳಿಯುವವರಿಗೆ ಎಲ್ಲರೂ ಮೊದಲು ಹೇಳುವ ಮಾತು ಲೈಫ್ ಜಾಕೆಟ್ಟಿನದಲ್ಲ. ಎಲ್ಲಿಂದ ಹೊರಡುತ್ತೀರಿ, ಎಲ್ಲಿಗೆ, ಎಷ್ಟು ಹೊತ್ತಿಗೆ ತಲುಪುತ್ತೀರಿ ಅನ್ನುವುದನ್ನು ದಡದಲ್ಲಿರುವ ಒಬ್ಬರಿಗೆ ಹೇಳಿ ಹೋಗಿ ಅನ್ನುವುದು. ತಡವಾದರೆ ಎಲ್ಲಿ ಹುಡುಕಬೇಕು ಅಂತ ಅವರಿಗೆ ಗೊತ್ತಿರಬೇಕು. ಇದನ್ನು ಕೇಳಿದಾಗ ನನಗೆ ಸಿಟ್ಟು ಬಂತು. ಯಾರ ಮೇಲೆ? ರಸ್ತೆಗೆ ಹೊರಟವರಿಗೂ ಇದು ಬೇಡವೇ? ಕೈಯಲ್ಲಿರುವ ಫೋನು ಜಗತ್ತಿಗೆಲ್ಲ ದಾರಿ ತೋರಿಸುತ್ತದೆ, ಮನೆಯವರನ್ನು ಎಲ್ಲಿಗೆ ಅಂತ ಕೇಳಲು ಮಾತ್ರ ನಾಲಿಗೆ ಏಳುವುದಿಲ್ಲ.

ದಡದಲ್ಲಿರುವ ಆ ಒಬ್ಬರು ಅಂದರೆ ನನ್ನ ನಾದಿನಿ ಶಾರದಾ. ಹಳೇಬೀಡಿನಲ್ಲಿದ್ದಾಳೆ. ಹೋದ ಭಾನುವಾರ ಅವಳ ಅಡುಗೆಮನೆಯಲ್ಲಿ ಕೂತು ವಿಷಯ ತೆಗೆದೆ.

"ಅತ್ತಿಗೆ, ನೀವು ಹೊರಡೋವಾಗ ನಾನು ಎಲ್ಲಿಗೆ ಅಂತ ಕೇಳಲ್ಲ," ಅಂದಳು, ರಾಗಿ ಮುದ್ದೆ ಕಟ್ಟುತ್ತಾ.

"ಕೇಳ್ಬೇಕು ಕಣೇ. ಅದಕ್ಕೇ ಬಂದಿರೋದು."

"ನಮ್ಮಣ್ಣನ ದೋಣಿ ಅಂತ ಸುಮ್ನಿದೀನಿ. ಇಲ್ದಿದ್ರೆ ಸೂಜಿ ಚುಚ್ಚಿ ಗಾಳಿ ತೆಗೀತಿದ್ದೆ."

"ಚುಚ್ಚು. ದೋಣಿ ಜೊತೆ ಪಂಕ್ಚರ್ ಕಿಟ್ ಕೊಟ್ಟವ್ರೆ."

ಅವಳು ನಗಲಿಲ್ಲ. ಮುದ್ದೆ ತಟ್ಟೆಗಿಟ್ಟಳು. ಕೈ ತೊಳೆದಳು. ಸೆರಗಲ್ಲಿ ಒರೆಸಿಕೊಂಡು ನನ್ನ ಎದುರಿಗೇ ಕೂತಳು. ಗೋಡೆ ನೋಡುತ್ತಾ ಕೇಳಿದಳು:

"ಎಲ್ಲಿಗೆ, ಅತ್ತಿಗೆ?"

ಹುಟ್ಟಿದಾಗಿನಿಂದ ಯಾರನ್ನೂ ಕೇಳದ ಪ್ರಶ್ನೆ. ಕೇಳಿದ ಮೇಲೆ ಕೆಳತುಟಿ ಕಚ್ಚಿಕೊಂಡಳು. ನಾನು ಹೇಳಿದೆ. ಯಾವ ಸೇತುವೆ, ಯಾವ ದಡ, ಎಷ್ಟು ಹೊತ್ತಿಗೆ, ತಡವಾದರೆ ಮೊದಲು ಯಾರಿಗೆ ಫೋನ್ ಮಾಡಬೇಕು. ಒಂದೊಂದನ್ನೂ ಅವಳಿಂದ ಬಾಯಿಪಾಠದ ಹಾಗೆ ವಾಪಸ್ ಹೇಳಿಸಿದೆ. ತಪ್ಪಿಲ್ಲದೆ ಹೇಳಿದಳು. ಆಮೇಲೆ ಕೇಳಬೇಕಾದ್ದನ್ನು ತಾನೇ ಕೇಳಿದಳು.

"ಎಷ್ಟು ಜನ ಹೋಗ್ತೀರಿ?"

ಒಬ್ಬರೇ ನದಿಗೆ ಇಳಿಯಬಾರದು. ಅದೂ ನಿಯಮವೇ. ಶಾರದಾ ದಡದಲ್ಲಿರಬೇಕು, ರಂಗಣ್ಣನಿಗೆ ಈಜು ಬರುವುದಿಲ್ಲ.

ದಾರಿ ಗೊತ್ತಾಗಿದೆ, ಹೊಳೆಯಲ್ಲಿ ನೀರಿದೆ, ಕೇಳುವವರೂ ಸಿಕ್ಕಿದ್ದಾರೆ. ಜೊತೆಗೆ ಬರುವವರು ಇಲ್ಲ.